ಮರುವಿಳಾಸವೂ ಮುದ್ರೆಯುಂಗುರವೂ

ಎಮ್ಮಿಗನೂರು ಎಂಬ ಹೆಸರಿನ ಊರುಗಳು ಎರಡಿವೆ. ಒಂದು ಕರ್ನೂಲು ಜಿಲ್ಲೆಯ ನಮ್ಮ ಊರು. ಮತ್ತೊಂದು ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲೂಕಿನ ಗ್ರಾಮ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರೂಪುಗೊಂಡು, ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಡುವವರೆಗೆ ಈ ಎರಡು ಎಮ್ಮಿಗನೂರುಗಳೂ ಒಂದೇ ಜಿಲ್ಲೆಯಲ್ಲಿದ್ದುವು. ಅಂದು 'ಎಮ್ಮಿಗನೂರು, ಬಳ್ಳಾರಿ ಜಿಲ್ಲೆ' ಎಂದಷ್ಟೇ ಬರೆದ ಕಾಗದವು ಎಲ್ಲಿಗೆ ಸೇರಬೇಕೆಂಬುದನ್ನು ಹೆಸರಿನಿಂದ ನಿರ್ಣಯಿಸುವಂತಿರಲಿಲ್ಲ. ರಾಜ್ಯಗಳು ಬೇರೆಯಾದುವು, 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದಿತು. ಈಗ ನಮ್ಮದು 518ರಿಂದಲೂ ಅವರದು 583ರಿಂದಲೂ ಮೊದಲಾಗುತ್ತದೆ. ಒಂದೇ ಹೆಸರು ಒಂದೇ ಸ್ಥಳವನ್ನು ಸೂಚಿಸಲೇಬೇಕೆಂದಿಲ್ಲ. ಒಂದೇ ಸ್ಥಳವು ಎರಡು ಹೆಸರುಗಳನ್ನು ಹೊಂದಿರುವುದೂ ಉಂಟು. ಗಡಿನಾಡಿನಲ್ಲಿ ಬೆಳೆದವರಿಗೆ ಇದು ಹೊಸ ಸಂಗತಿಯಲ್ಲ. ಗಣಕಯಂತ್ರಗಳ ಲೋಕದಲ್ಲಿ ಇದೇ ಗೊಂದಲವು ಪಾಸ್‌ವರ್ಡುಗಳನ್ನು ಪರರ ಕೈಗೆ ಸೇರಿಸುವ ದೋಷವಾಗಿ ಹಲವು ಬಾರಿ ಕಾಣಿಸಿಕೊಂಡಿದೆ. ಆ ದೋಷದ ಸ್ವರೂಪವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ಇದರಿಂದೇನು ಎಂದು ಕೇಳಬಹುದು. ಹಳೆಯ ಕನ್ನಡ ಪುಸ್ತಕಗಳನ್ನು ನಾವಿಂದು ಹೆಚ್ಚಾಗಿ ಓದುವುದು ಇಂಟರ್ನೆಟ್ ಆರ್ಕೈವ್‌ನಂತಹ ಜಾಲತಾಣಗಳಲ್ಲಿ. ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಲಾದ ಅನೇಕ ಕನ್ನಡ ಗ್ರಂಥಗಳು 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಎಂಬ ಸಂಗ್ರಹದ ಹೆಸರಿನಲ್ಲಿ ಅಲ್ಲಿಗೆ ಸೇರಿವೆ. ನೂರಾರು ಪುಸ್ತಕಗಳನ್ನು ಏರಿಸುವವರು ಒಂದೊಂದನ್ನೂ ಕೈಯಿಂದ ಏರಿಸುವುದಿಲ್ಲ. ಅದಕ್ಕಾಗಿ ಚಿಕ್ಕ ಪ್ರೋಗ್ರಾಮ್ ಬರೆಯುತ್ತಾರೆ. ವಿಕಿಸೋರ್ಸ್‌ನಲ್ಲಿ ಪಠ್ಯಗಳನ್ನು ತಿದ್ದುವ ಬಾಟ್‌ಗಳೂ ಅಂತಹ ಪ್ರೋಗ್ರಾಮುಗಳೇ. ಅವುಗಳ ಕೈಯಲ್ಲಿ ಬರೆದವರ ಲಾಗಿನ್ ಇರುತ್ತದೆ. ಪಠ್ಯಸಂಪಾದನೆಯ ಕೆಲಸಕ್ಕೆ ಇಳಿಯುವ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಈ ದಾರಿಯನ್ನೇ ಹಿಡಿಯುವವರು.

ಮೊದಲು ಅಂಚೆಯ ಸಂಗತಿಯನ್ನು ನೋಡೋಣ. ಒಬ್ಬರು ಊರು ಬಿಟ್ಟು ಬೇರೆಡೆಗೆ ಹೋದಾಗ ಹೊಸ ವಿಳಾಸವನ್ನು ಅಂಚೆ ಕಚೇರಿಗೆ ಬರೆದುಕೊಟ್ಟರೆ, ಅಲ್ಲಿಯವರು ಬಂದ ಕಾಗದದ ಮೇಲಿನ ಹಳೆಯ ವಿಳಾಸವನ್ನು ಹೊಡೆದುಹಾಕಿ ಹೊಸದನ್ನು ಬರೆದು ಮುಂದಕ್ಕೆ ಕಳುಹಿಸುತ್ತಾರೆ. ಇದಕ್ಕೆ ರೀಡೈರೆಕ್ಟ್ ಎನ್ನುತ್ತಾರೆ; ಮರುವಿಳಾಸ ಎನ್ನೋಣ. ಇಲ್ಲಿ ಲಕೋಟೆಯನ್ನು ಯಾರೂ ಒಡೆಯುವುದಿಲ್ಲ. ಸ್ಥಳ ಬದಲಾದರೂ ಕಾಗದವನ್ನು ಪಡೆಯುವ ವ್ಯಕ್ತಿ ಬದಲಾಗುವುದಿಲ್ಲ.

ಜಾಲದಲ್ಲಿಯೂ ರೀಡೈರೆಕ್ಟ್ ಎಂಬ ಮಾತೇ ಬಳಕೆಯಲ್ಲಿದೆ. ಆದರೆ ಕ್ರಮ ಬೇರೆ. ನಮ್ಮ ಗಣಕವು ಒಂದು ಸರ್ವರ್‌ಗೆ 'ಈ ಪುಟವನ್ನು ಕೊಡು' ಎಂದು ವಿನಂತಿಯನ್ನು ಕಳುಹಿಸುತ್ತದೆ. ಸರ್ವರ್ ಮೂರಂಕಿಯ ಒಂದು ಸಂಖ್ಯೆಯಿಂದ ಉತ್ತರವನ್ನು ಆರಂಭಿಸುತ್ತದೆ. 200 ಎಂದರೆ 'ಇಗೋ'. 404 ಎಂದರೆ 'ಇಲ್ಲ'. 301, 302, 307, 308 ಮೊದಲಾದ ಮುನ್ನೂರರ ಸಾಲಿನ ಸಂಖ್ಯೆಗಳು ಬಂದರೆ 'ನೀನು ಕೇಳಿದ್ದು ಇಲ್ಲಿಲ್ಲ, ಅಲ್ಲಿದೆ, ಅಲ್ಲಿಗೆ ಹೋಗು' ಎಂದರ್ಥ. ಜೊತೆಗೆ 'ಲೊಕೇಷನ್' ಎಂಬ ಸಾಲಿನಲ್ಲಿ ಹೊಸ ವಿಳಾಸವಿರುತ್ತದೆ. ಗಮನಿಸಬೇಕಾದುದು ಇದು: ಇಲ್ಲಿ ಸರ್ವರ್ ನಮ್ಮ ಕಾಗದವನ್ನು ಮುಂದಕ್ಕೆ ದಾಟಿಸುವುದಿಲ್ಲ. ಅದನ್ನು ತೆರೆದು, ಓದಿ, ನಮಗೆ ಬೇರೊಂದು ವಿಳಾಸವನ್ನು ಹೇಳುತ್ತದೆ, ಅಷ್ಟೆ. ಆ ವಿಳಾಸಕ್ಕೆ ಮತ್ತೊಂದು ಕಾಗದವನ್ನು ಹೊಸದಾಗಿ ಬರೆಯುವ ಹೊಣೆ ನಮ್ಮದು. ಅಲ್ಲಿರುವವರು ಮೊದಲಿನವರೇ ಎಂಬುದಕ್ಕೆ ಮೊದಲಿನವರ ಮಾತಿನ ಹೊರತು ಬೇರೆ ಆಧಾರವಿಲ್ಲ. ಹಾಗಾದರೆ ಮೊದಲ ಕಾಗದದಲ್ಲಿ ಬರೆದಿದ್ದ ಯಾವ ಯಾವ ಸಾಲುಗಳನ್ನು ಎರಡನೆಯದಕ್ಕೆ ನಕಲು ಮಾಡಬೇಕು? ಸಮಸ್ಯೆಯೆಲ್ಲ ಈ ಪ್ರಶ್ನೆಯಲ್ಲಿದೆ.

ಬೇಡಿಕೆಯನ್ನು ನಕಲು ಮಾಡಲೇಬೇಕು, ಅದಿಲ್ಲದೆ ಕಾಗದಕ್ಕೆ ಅರ್ಥವಿಲ್ಲ. ಆದರೆ ಕಾಗದದಲ್ಲಿ ಬೇಡಿಕೆಯ ಜೊತೆಗೆ, ಕೇಳುತ್ತಿರುವವರು ಯಾರೆಂದು ಸಾಧಿಸುವ ಒಂದು ಗುರುತೂ ಇರುತ್ತದೆ. ಇಂಗ್ಲಿಷಿನಲ್ಲಿ ಕ್ರೆಡೆನ್ಷಿಯಲ್ ಎಂದು ಕರೆಯುವ ಇದಕ್ಕೆ ಹೊಸ ಪದವನ್ನು ಟಂಕಿಸುವ ಅಗತ್ಯವಿಲ್ಲ. ಕಾಳಿದಾಸನ ನಾಟಕದ ಹೆಸರಿನಲ್ಲಿಯೇ ಅದು ಇದೆ: ಅಭಿಜ್ಞಾನ. ದುಷ್ಯಂತನು ಶಕುಂತಲೆಗೆ ಕೊಟ್ಟ ಉಂಗುರವು ಅಭಿಜ್ಞಾನ. ಲಾಗಿನ್ ಹೆಸರು, ಪಾಸ್‌ವರ್ಡ್, ಟೋಕನ್, ಕುಕಿ ಇವೂ ಅಭಿಜ್ಞಾನಗಳೇ.

ಇವುಗಳಲ್ಲಿ ತೀರ ಸರಳವಾದುದು 'ಬೇಸಿಕ್' ಎಂಬ ವಿಧಾನ. ಬಳಕೆದಾರರ ಹೆಸರನ್ನೂ ಪಾಸ್‌ವರ್ಡನ್ನೂ ನಡುವೆ ಒಂದು ವಿವರಣ ಚಿಹ್ನೆಯಿಟ್ಟು ಜೋಡಿಸಿ, ಬೇಸ್64 ಎಂಬ ಅಕ್ಷರಕ್ರಮಕ್ಕೆ ಪರಿವರ್ತಿಸಿ, 'ಆಥರೈಸೇಷನ್' ಎಂಬ ಹೆಡರ್‌ನಲ್ಲಿ ಇಡಲಾಗುತ್ತದೆ. ಹೆಡರ್ ಎಂದರೆ ಕಾಗದದ ಮೇಲ್ಭಾಗದಲ್ಲಿ ಬರೆಯುವ ಒಂದೊಂದು ಸಾಲು. ಬೇಸ್64ರಲ್ಲಿ ಬರೆದುದು ನೋಟಕ್ಕೆ ಗೂಢಲಿಪಿಯಂತೆ ತೋರಿದರೂ ಅದರಲ್ಲಿ ಯಾವ ಗುಟ್ಟೂ ಇಲ್ಲ. ಕನ್ನಡ ವಾಕ್ಯವನ್ನು ತೆಲುಗು ಲಿಪಿಯಲ್ಲಿ ಬರೆದರೆ ನಮ್ಮೂರಿನಲ್ಲಿ ಯಾರಿಂದ ಅಡಗಿಸಿದಂತಾಯಿತು? ಈ ವಿಧಾನವನ್ನು ವಿವರಿಸುವ 1999ರ ಪ್ರಮಾಣಪತ್ರದಲ್ಲಿ ಉದಾಹರಣೆಗೆ ಬಳಸಿರುವ ಹೆಸರು ಅಲ್ಲಾದೀನ್, ಪಾಸ್‌ವರ್ಡ್ 'ಓಪನ್ ಸೆಸಮಿ'. 2015ರ ಪರಿಷ್ಕೃತ ಪ್ರಮಾಣಪತ್ರವೂ ಅದನ್ನೇ ಉಳಿಸಿಕೊಂಡಿದೆ. ಗುಹೆಯ ಬಾಗಿಲನ್ನು ತೆರೆಯುವ ಆ ಮಂತ್ರವು ಆಲಿಬಾಬನ ಕಥೆಯದೇ ಹೊರತು ಅಲ್ಲಾದೀನನದಲ್ಲ. ಒಬ್ಬರ ಪಾಸ್‌ವರ್ಡು ಮತ್ತೊಬ್ಬರ ಬಳಿ ಸೇರಿಹೋದುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆಯನ್ನು ಬೇಕೆಂದೇ ಬರೆದರೂ ಸಿಗಲಾರದು.

ಇನ್ನೊಂದು ವಿಧಾನ 'ಬೇರರ್ ಟೋಕನ್'. 2012ರಲ್ಲಿ ಪ್ರಮಾಣೀಕರಿಸಲ್ಪಟ್ಟ ಇದು ಇಂದು ಎಲ್ಲೆಡೆ ಬಳಕೆಯಲ್ಲಿದೆ. ಬೇರರ್ ಎಂದರೆ ಹಿಡಿದವನು. ಬ್ಯಾಂಕಿನ ಬೇರರ್ ಚೆಕ್ಕಿನಂತೆ, ಯಾರ ಕೈಯಲ್ಲಿದೆಯೋ ಅವರದೇ ಅಧಿಕಾರ. ತಂದವರು ಯಾರು, ಹೇಗೆ ಸಿಕ್ಕಿತು ಎಂದು ಸರ್ವರ್ ಕೇಳುವುದಿಲ್ಲ.

ಹಿಡಿದವನದೇ ಅಧಿಕಾರವಾದಾಗ ಏನಾಗುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ವಿಶಾಖದತ್ತನ ಮುದ್ರಾರಾಕ್ಷಸ ನಾಟಕದಲ್ಲಿ ಅಮಾತ್ಯ ರಾಕ್ಷಸನು ತನ್ನ ಕುಟುಂಬವನ್ನು ಮಿತ್ರನಾದ ಚಂದನದಾಸನ ಮನೆಯಲ್ಲಿ ಬಿಟ್ಟು ಹೋಗಿರುತ್ತಾನೆ. ಹೊರಗೆ ಓಡಿಬಂದ ಮಗುವನ್ನು ಒಳಕ್ಕೆ ಎಳೆದುಕೊಳ್ಳುವಾಗ ಅವನ ಹೆಂಡತಿಯ ಬೆರಳಿನಿಂದ ಮುದ್ರೆಯುಂಗುರವು ಜಾರಿ ಬೀಳುತ್ತದೆ. ಅದು ಚಾಣಕ್ಯನ ಗೂಢಚಾರನಿಗೆ ದೊರೆಯುತ್ತದೆ. ಚಾಣಕ್ಯನು ಶಕಟದಾಸನ ಕೈಯಿಂದ ಬರೆಸಿದ ಒಂದು ಕಾಗದಕ್ಕೆ ಆ ಮುದ್ರೆಯನ್ನು ಒತ್ತಿಸುತ್ತಾನೆ. ಮುಂದೆ ಆ ಕಾಗದವು ಮಲಯಕೇತುವಿನ ಎದುರಿಗೆ ಬಂದಾಗ ರಾಕ್ಷಸನ ಮಾತನ್ನು ನಂಬುವವರಿಲ್ಲ. ಮುದ್ರೆಯು ಅವನದೇ ಆಗಿದೆ. 1823ರಲ್ಲಿ ಕೆಂಪುನಾರಾಯಣನು ಕನ್ನಡ ಗದ್ಯದಲ್ಲಿ ರಚಿಸಿದ ಮುದ್ರಾಮಂಜೂಷವೂ ಈ ಕಥಾವಸ್ತುವನ್ನೇ ಆಧರಿಸಿದ ಕೃತಿ. ಈ ಕಥೆಯಲ್ಲಿ ಉಂಗುರವನ್ನು ಯಾರೂ ಕದಿಯಲಿಲ್ಲ, ಯಾರೂ ಕೊಡಲಿಲ್ಲ. ಗಮನವು ಬೇರೆಡೆ ಇದ್ದಾಗ ಅದು ತಾನಾಗಿ ಜಾರಿತು. ರೀಡೈರೆಕ್ಟ್‌ನಿಂದಾಗುವ ಸೋರಿಕೆಯೂ ಕಳ್ಳತನಕ್ಕಿಂತ ಜಾರುವಿಕೆಗೆ ಹತ್ತಿರವಾದುದು.

ಆ ಜಾರುವಿಕೆ ನಡೆಯುವುದು ಎಲ್ಲಿ? ಸಾಮಾನ್ಯವಾಗಿ ಪ್ರೋಗ್ರಾಮ್ ಬರೆಯುವವರು ಸರ್ವರ್‌ನೊಡನೆ ನೇರವಾಗಿ ಮಾತಾಡುವುದಿಲ್ಲ. ಆ ಕೆಲಸಕ್ಕೆಂದೇ ಮೊದಲೇ ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಕಟ್ಟು ಇರುತ್ತದೆ. ಅದಕ್ಕೆ ಲೈಬ್ರರಿ ಎನ್ನುತ್ತಾರೆ. (ನಮ್ಮ ಪುಸ್ತಕಭಂಡಾರಕ್ಕೂ ಇದಕ್ಕೂ ಹೆಸರಿನ ಹೊರತು ನಂಟಿಲ್ಲ.) ಬರೆಯುವವರು ಲೈಬ್ರರಿಯ ಕೈಗೆ ವಿಳಾಸವನ್ನೂ ಅಭಿಜ್ಞಾನವನ್ನೂ ಕೊಟ್ಟು 'ತಂದುಕೊಡು' ಎನ್ನುತ್ತಾರೆ. 302 ಬಂದರೆ ಮರುಪ್ರಯಾಣವನ್ನು ಲೈಬ್ರರಿಯೇ ಮುಗಿಸಿ, ಕೊನೆಯ ಉತ್ತರವನ್ನು ತಂದೊಪ್ಪಿಸುತ್ತದೆ. ನಡುವೆ ಎಷ್ಟು ಮನೆಗಳ ಬಾಗಿಲು ತಟ್ಟಿತೆಂಬುದು ಕೇಳಿದವರಿಗೆ ತಿಳಿಯುವುದೇ ಇಲ್ಲ. ಈ ಅನುಕೂಲದಲ್ಲಿಯೇ ಅಪಾಯವೂ ಇದೆ.

ಇಂಟರ್ನೆಟ್ ಆರ್ಕೈವ್‌ನಿಂದ ಒಂದು ಪುಸ್ತಕವನ್ನು ಇಳಿಸಿಕೊಳ್ಳುವಾಗ ಇದನ್ನು ಕಣ್ಣಾರೆ ನೋಡಬಹುದು. ಮುಖ್ಯ ವಿಳಾಸವನ್ನು ಕೇಳಿದರೆ, ಆ ಕಡತವನ್ನು ಇಟ್ಟಿರುವ ಬೇರೊಂದು ಯಂತ್ರದ ವಿಳಾಸಕ್ಕೆ ಅದು ಕಳುಹಿಸುತ್ತದೆ. ಇಳಿಸಿಕೊಳ್ಳಲು ಸಾಮಾನ್ಯವಾಗಿ ಅಭಿಜ್ಞಾನ ಬೇಡ. ಏರಿಸುವಾಗ ಬೇಕು. ಏರಿಸುವವರಿಗೆ ಎರಡು ಗುಪ್ತಕೀಲಿಗಳನ್ನು ಕೊಡಲಾಗುತ್ತದೆ. ಅಲ್ಲಿಯ ಕೈಪಿಡಿಯ ಮಾದರಿಗಳಲ್ಲಿ ಆ ಕೀಲಿಗಳನ್ನು ಆಥರೈಸೇಷನ್ ಹೆಡರ್‌ನಲ್ಲಿ ಕೈಯಾರೆ ಬರೆದು, ರೀಡೈರೆಕ್ಟ್ ಬಂದರೆ ಅನುಸರಿಸಬೇಕೆಂದು ಸೂಚಿಸುವ ಆಜ್ಞೆಯಿದೆ. ಅಲ್ಲಿ ಕಳುಹಿಸುವುದು ತಮ್ಮದೇ ಮತ್ತೊಂದು ಯಂತ್ರಕ್ಕಾದ್ದರಿಂದ ಹಾನಿಯಿಲ್ಲ. ಆದರೆ ಅದೇ ಆಜ್ಞೆಯ ಅಚ್ಚನ್ನು ಬೇರೆಡೆ ಬಳಸಿದರೆ? ಒಂದು ಜಾಲತಾಣದ ಹೆಸರಿನ ಅವಧಿ ಮುಗಿದು ಬೇರೆಯವರು ಅದನ್ನು ಕೊಂಡಿರಬಹುದು. ತಾಣದೊಳಗೆ ಯಾರೋ ನುಸುಳಿರಬಹುದು. 'ಲಾಗಿನ್ ಆದ ಮೇಲೆ ಇಂಥ ಪುಟಕ್ಕೆ ಹೋಗು' ಎಂಬ ಭಾಗದಲ್ಲಿ ಯಾರು ಯಾವ ವಿಳಾಸವನ್ನು ತುರುಕಿದರೂ ಪರೀಕ್ಷಿಸದೆ ಕಳುಹಿಸಿಬಿಡುವ ತಾಣಗಳೂ ಇವೆ. ಆಗ ಲೊಕೇಷನ್ ಸಾಲಿನಲ್ಲಿರುವುದು ಅಪರಿಚಿತರ ವಿಳಾಸ.

ಮೇಲಿನ ಆಜ್ಞೆಯನ್ನು ನಡೆಸುವ ಸಾಧನದ ಹೆಸರು ಕರ್ಲ್. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಈ ಹೆಸರಿನಿಂದ ಹೊರತಂದ ಇದು ಇಂದು ಮೊಬೈಲ್ ಫೋನುಗಳಿಂದ ಹಿಡಿದು ಕಾರುಗಳವರೆಗೆ ಎಲ್ಲೆಡೆ ಅಡಗಿ ಕುಳಿತಿದೆ. ಕರ್ಲ್‌ಗೆ ಅಭಿಜ್ಞಾನವನ್ನು ಒಪ್ಪಿಸಲು ಎರಡು ದಾರಿಗಳಿದ್ದುವು. 'ಇದು ನನ್ನ ಹೆಸರು, ಇದು ಪಾಸ್‌ವರ್ಡ್' ಎಂದು ಅದಕ್ಕೆಂದೇ ಇರುವ ಸ್ಥಾನದಲ್ಲಿ ಕೊಡುವುದು ಒಂದು. ಹೆಡರ್‌ನ ಸಾಲನ್ನು ತಾವೇ ಪೂರ್ತಿಯಾಗಿ ಬರೆದು 'ಇದನ್ನೂ ಸೇರಿಸು' ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಕರ್ಲ್ ಎಚ್ಚರವಾಗಿತ್ತು. ಬೇರೆ ಹೆಸರಿನ ಸರ್ವರ್‌ಗೆ ಹೋಗುವಾಗ ಪಾಸ್‌ವರ್ಡನ್ನು ಕೈಬಿಡುತ್ತಿತ್ತು. ಎರಡನೆಯದರಲ್ಲಿ ಹಾಗಿರಲಿಲ್ಲ. ಬಳಕೆದಾರರು ಬರೆದ ಸಾಲು ಅದರ ಪಾಲಿಗೆ ಬರಿಯ ಪಠ್ಯ; ಒಳಗೆ ಗುಟ್ಟಿದೆಯೆಂದು ಅದಕ್ಕೆ ತಿಳಿಯದು. ಎಲ್ಲಿಗೆ ಕಳುಹಿಸಿದರೆ ಅಲ್ಲಿಗೆ ಆ ಸಾಲೂ ಹೋಗುತ್ತಿತ್ತು. 2018ರ ಜನವರಿಯಲ್ಲಿ ಕರ್ಲ್ ತಂಡವು ಇದನ್ನು ಭದ್ರತಾದೋಷವೆಂದು ಪ್ರಕಟಿಸಿ, 7.58.0 ಆವೃತ್ತಿಯಲ್ಲಿ ಸರಿಪಡಿಸಿತು: ಕೈಯಾರೆ ಬರೆದ ಆಥರೈಸೇಷನ್ ಸಾಲೂ ಇನ್ನು ಮುಂದೆ ಮೊದಲ ಸರ್ವರ್‌ಗೆ ಮಾತ್ರ.

ಇದು ದೋಷವೇ, ಹೇಳಿದಷ್ಟನ್ನು ಮಾಡುವ ವಿಧೇಯತೆಯೇ ಎಂದು ವಾದಿಸಬಹುದು. ನನ್ನ ಮಟ್ಟಿಗೆ ಅದು ದೋಷವೇ. ಒಂದು ಮನೆಗೆ ಹೋಗಿ ಉಂಗುರವನ್ನು ತೋರಿಸಿ ಬಾ ಎಂದು ದೂತನನ್ನು ಕಳುಹಿಸಿದರೆ, ಆ ಮನೆಯವರು ಬೆರಳು ತೋರಿದ ಮನೆಗಳಲ್ಲೆಲ್ಲ ತೋರಿಸಿ ಬಾ ಎಂದು ಯಾರೂ ಅರ್ಥಮಾಡಿಕೊಳ್ಳುವುದಿಲ್ಲ. ಹನುಮಂತನಿಗೆ ರಾಮನು ಕೊಟ್ಟ ಉಂಗುರವು ಸೀತೆಗೆ ತೋರಿಸಲೆಂದು ಕೊಟ್ಟದ್ದು. ಲಂಕೆಯಲ್ಲಿ ಎದುರಾದವರಿಗೆಲ್ಲ ಅಲ್ಲ.

'ಮೊದಲ ಸರ್ವರ್‌ಗೆ ಮಾತ್ರ' ಎಂದು ಹೇಳಿದ ಕೂಡಲೇ ಮುಂದಿನ ಪ್ರಶ್ನೆ ಏಳುತ್ತದೆ: ಎರಡನೆಯ ವಿಳಾಸವು ಮೊದಲಿನದೇ ಎಂದು ತೀರ್ಮಾನಿಸುವುದು ಹೇಗೆ? ಎರಡು ಎಮ್ಮಿಗನೂರುಗಳ ಗೊಂದಲವು ಇಲ್ಲಿ ಮರಳಿ ಬರುತ್ತದೆ. ಪೈಥಾನ್ ಭಾಷೆಯಲ್ಲಿ ಬಹಳ ಬಳಕೆಯಲ್ಲಿರುವ ರಿಕ್ವೆಸ್ಟ್ಸ್ ಎಂಬ ಲೈಬ್ರರಿಯು ಸರ್ವರ್‌ನ ಹೆಸರನ್ನು ಮಾತ್ರ ಹೋಲಿಸುತ್ತಿತ್ತು. ಹೆಸರು ಒಂದೇ ಆದರೆ ಅಭಿಜ್ಞಾನವು ಮುಂದೆ ಹೋಗುತ್ತಿತ್ತು. ಆದರೆ ಒಂದೇ ಹೆಸರಿನ ಸರ್ವರ್‌ಗೆ ಎರಡು ದಾರಿಗಳಿರಬಹುದು: ಎಚ್‌ಟಿಟಿಪಿಎಸ್ ಎಂಬುದು ಮುಚ್ಚಿದ ಲಕೋಟೆ, ಎಚ್‌ಟಿಟಿಪಿ ಎಂಬುದು ತೆರೆದ ಅಂಚೆಕಾರ್ಡು. ಮುಚ್ಚಿದ ದಾರಿಯಲ್ಲಿ ಹೋದ ವಿನಂತಿಗೆ ಅದೇ ಹೆಸರಿನ ತೆರೆದ ದಾರಿಯ ವಿಳಾಸವು ಉತ್ತರವಾಗಿ ಬಂದರೆ, ಪಾಸ್‌ವರ್ಡು ಅಂಚೆಕಾರ್ಡಿನ ಮೇಲೆ ಬರೆದಂತಾಗಿ ನಡುದಾರಿಯಲ್ಲಿರುವವರೆಲ್ಲ ಓದಬಹುದಿತ್ತು. 2018ರ ಅಕ್ಟೋಬರ್‌ನಲ್ಲಿ 2.20.0 ಆವೃತ್ತಿಯು ಇದನ್ನು ತಡೆಯಿತು. ತೆರೆದ ದಾರಿಯಿಂದ ಮುಚ್ಚಿದ ದಾರಿಗೆ ಹೋಗುವಾಗ ಮಾತ್ರ, ಅದೇ ಹೆಸರಿದ್ದರೆ, ಅಭಿಜ್ಞಾನವನ್ನು ಒಯ್ಯಲು ಬಿಟ್ಟಿದ್ದಾರೆ. ಅದು ವಿವೇಕದ ರಿಯಾಯಿತಿಯೇ ಸರಿ. ಕರ್ಲ್‌ನಲ್ಲಿಯೂ ಹೆಸರು ಒಂದೇ ಇದ್ದು ಪೋರ್ಟ್ ಸಂಖ್ಯೆ ಬೇರೆಯಾದಾಗ ಆಗುತ್ತಿದ್ದ ಸೋರಿಕೆಯನ್ನು 2022ರ ಏಪ್ರಿಲ್‌ನಲ್ಲಿ ಮುಚ್ಚಬೇಕಾಯಿತು. ಒಂದೇ ಕಟ್ಟಡದ ಬೇರೆ ಬೇರೆ ಕೋಣೆಗಳಲ್ಲಿ ಬೇರೆ ಬೇರೆ ಒಡೆಯರಿರುವುದು ಸಾಧ್ಯವಷ್ಟೆ.

ರಿಕ್ವೆಸ್ಟ್ಸ್‌ನ ಅಡಿಪಾಯವಾಗಿರುವ ಯುಆರ್‌ಎಲ್‌ಲಿಬ್3 ಎಂಬ ಲೈಬ್ರರಿಯ ಕಥೆ ಭಾಷೆಯ ವಿದ್ಯಾರ್ಥಿಗಳಿಗೆ ಇನ್ನೂ ಸ್ವಾರಸ್ಯಕರ. 2018ರಲ್ಲಿ ಅದರ 1.23ನೆಯ ಆವೃತ್ತಿಯು ಬೇರೆ ಸರ್ವರ್‌ಗೆ ಹೋಗುವಾಗ ಆಥರೈಸೇಷನ್ ಸಾಲನ್ನು ತೆಗೆದುಹಾಕಲಾರಂಭಿಸಿತು. ಆದರೆ ಆ ಹೆಸರಿನ ಮೊದಲಕ್ಷರವು ಕ್ಯಾಪಿಟಲ್ ಆಗಿದ್ದರೆ ಮಾತ್ರ ಅದಕ್ಕೆ ಗುರುತು ಸಿಗುತ್ತಿತ್ತು. ಅದೇ ಪದವನ್ನು ಎಲ್ಲ ಸಣ್ಣಕ್ಷರಗಳಲ್ಲಿ ಬರೆದರೆ ಅಪರಿಚಿತ ಪದವೆಂದು ಬಗೆದು ಹಾಗೆಯೇ ದಾಟಿಸಿಬಿಡುತ್ತಿತ್ತು. ಹೆಡರ್‌ಗಳ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲವೆಂದು ಜಾಲದ ನಿಯಮವೇ ಹೇಳುತ್ತದೆ. ಓದುವ ಸರ್ವರ್‌ಗೆ ಎರಡೂ ಒಂದೇ. ಸಣ್ಣಕ್ಷರದಲ್ಲಿ ಬರೆಯುವ ರೂಢಿ ಅಪರೂಪವೂ ಅಲ್ಲ. ಮೇಲೆ ಹೇಳಿದ ಆರ್ಕೈವ್ ಕೈಪಿಡಿಯ ಮಾದರಿಯಲ್ಲಿಯೂ ಹಾಗೆಯೇ ಇದೆ. ಇದನ್ನು ತಿದ್ದಲು 2019ರಲ್ಲಿ 1.24.2 ಆವೃತ್ತಿ ಬರಬೇಕಾಯಿತು. ಕನ್ನಡದಲ್ಲಿ ಅಕ್ಷರಗಳಿಗೆ ಇಂತಹ ದೊಡ್ಡಸ್ತಿಕೆ ಇಲ್ಲ. ಆದರೆ ಅರ್ಕಾವೊತ್ತು ಬರೆದ ರೂಪವನ್ನೂ ಪೂರ್ಣ ರಕಾರ ಬರೆದ ರೂಪವನ್ನೂ ಬೇರೆ ಬೇರೆ ಪದಗಳೆಂದು ಎಣಿಸಿ ಪದಸೂಚಿಯನ್ನು ಕೆಡಿಸಿದವರು ನಮ್ಮಲ್ಲಿಯೂ ಇದ್ದಾರು. ಪಾಠಾಂತರವನ್ನು ಪದಾಂತರವೆಂದು ಭ್ರಮಿಸುವುದು ಹಳೆಯ ರೋಗ.

ಆಥರೈಸೇಷನ್ ಒಂದನ್ನೇ ಕಾದರೆ ಸಾಲದೆಂಬುದೂ ಕ್ರಮೇಣ ತಿಳಿಯಿತು. 2023ರ ಮೇ ತಿಂಗಳಲ್ಲಿ ರಿಕ್ವೆಸ್ಟ್ಸ್ ಮಧ್ಯವರ್ತಿ ಸರ್ವರ್‌ಗೆಂದು ಕೊಟ್ಟ ಪಾಸ್‌ವರ್ಡು ಕೊನೆಯ ಸರ್ವರ್‌ಗೂ ತಲುಪುತ್ತಿದ್ದುದನ್ನು ತಡೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯುಆರ್‌ಎಲ್‌ಲಿಬ್3 ಕುಕಿಯ ಸಾಲನ್ನೂ ತೆಗೆದುಹಾಕಲಾರಂಭಿಸಿತು. ಪಿಎಚ್‌ಪಿಯ ಗಜಲ್, ಜಾವಾಸ್ಕ್ರಿಪ್ಟಿನ ಫಾಲೋ-ರೀಡೈರೆಕ್ಟ್ಸ್ ಎಂಬ ಲೈಬ್ರರಿಗಳಲ್ಲಿ 2022ರಲ್ಲಿ ಇಂಥವೇ ತಿದ್ದುಪಡಿಗಳಾದುವು. ಭಾಷೆ ಬೇರೆ, ಬರೆದವರು ಬೇರೆ. ಎಡವಿದ ಕಲ್ಲು ಒಂದೇ.

ಈ ಸಾಲಿನಲ್ಲಿ ನನಗೆ ಅತ್ಯಂತ ಕುತೂಹಲಕರವೆನಿಸಿದ್ದು ಗೋ ಎಂಬ ಭಾಷೆಯ ಪ್ರಸಂಗ. ಅದರ ಲೈಬ್ರರಿಯು ಬಹಳ ಹಿಂದಿನಿಂದ ಎಚ್ಚರವುಳ್ಳದ್ದು. ಮೊದಲ ಸರ್ವರ್‌ನಿಂದ ಅಪರಿಚಿತ ಸರ್ವರ್‌ಗೆ ಹೋಗುವಾಗ ಅಭಿಜ್ಞಾನವನ್ನು ತೆಗೆದುಹಾಕುತ್ತಿತ್ತು. ಆದರೆ ಆ ಅಪರಿಚಿತ ಸರ್ವರ್ ಮತ್ತೊಮ್ಮೆ ರೀಡೈರೆಕ್ಟ್ ಮಾಡಿ, ಈ ಬಾರಿ ತನ್ನಲ್ಲಿಯೇ ಇರುವ ಇನ್ನೊಂದು ಪುಟಕ್ಕೆ ಕಳುಹಿಸಿದರೆ? ಲೈಬ್ರರಿಯು ನೋಡುತ್ತಿದ್ದುದು ಹಿಂದಿನ ಹೆಜ್ಜೆಯನ್ನು: ಹಿಂದಿನ ಮನೆ, ಈಗಿನ ಮನೆ ಎರಡೂ ಒಂದೇ, ಆದುದರಿಂದ ಭಯವಿಲ್ಲ. ಹೀಗೆ ಭಾವಿಸಿ, ಬಚ್ಚಿಟ್ಟಿದ್ದ ಅಭಿಜ್ಞಾನವನ್ನು ಮತ್ತೆ ಹೊರತೆಗೆದು ಆ ಅಪರಿಚಿತರ ಕೈಗೇ ಇಡುತ್ತಿತ್ತು. ಮೊದಲ ಬಾಗಿಲಲ್ಲಿ ಸಿಗದ ಉಂಗುರವು ಅದೇ ಮನೆಯ ಎರಡನೆಯ ಬಾಗಿಲಲ್ಲಿ ಸಿಗುತ್ತಿತ್ತು. 2025ರ ಜನವರಿಯಲ್ಲಿ 1.22.11 ಮತ್ತು 1.23.5 ಆವೃತ್ತಿಗಳು ಇದನ್ನು ಸರಿಪಡಿಸಿದುವು. ಹೋಲಿಕೆಯನ್ನು ಯಾವುದರೊಡನೆ ಮಾಡಬೇಕೆಂಬುದೇ ಇಲ್ಲಿಯ ತಪ್ಪು. ಅಭಿಜ್ಞಾನವನ್ನು ಯಾರಿಗೆಂದು ಕೊಟ್ಟಿದ್ದರೋ ಅವರೊಡನೆ ಹೋಲಿಸಬೇಕೇ ಹೊರತು ಹಿಂದಿನ ಹೆಜ್ಜೆಯೊಡನೆ ಅಲ್ಲ.

ಇನ್ನು ಹಳೆಯದೊಂದು. ಯೂನಿಕ್ಸ್ ಯಂತ್ರಗಳಲ್ಲಿ ನೆಟ್‌ಆರ್‌ಸಿ ಎಂಬ ಪುಟ್ಟ ಕಡತವಿರುತ್ತದೆ. ಯಾವ ಸರ್ವರ್‌ಗೆ ಯಾವ ಹೆಸರು, ಯಾವ ಪಾಸ್‌ವರ್ಡ್ ಎಂಬ ಪಟ್ಟಿ ಅದರಲ್ಲಿ. ಅಭಿಜ್ಞಾನವನ್ನು ವಿಳಾಸಕ್ಕೆ ಕಟ್ಟಿಹಾಕುವ ಈ ಪದ್ಧತಿಯೇ ನಿಜವಾಗಿ ಸರಿಯಾದುದು. ಆದರೆ ಪಟ್ಟಿಯಲ್ಲಿ ಎರಡನೆಯ ಸರ್ವರ್‌ನ ಹೆಸರಿದ್ದು, ಅದರ ಮುಂದೆ ಪಾಸ್‌ವರ್ಡನ್ನು ಬರೆಯದೆ ಬಿಟ್ಟಿದ್ದರೆ, ಮೊದಲ ಸರ್ವರ್‌ನಿಂದ ಅಲ್ಲಿಗೆ ಹೋಗುವಾಗ ಕರ್ಲ್ ಖಾಲಿ ಜಾಗವನ್ನು ಮೊದಲಿನ ಪಾಸ್‌ವರ್ಡಿನಿಂದ ತುಂಬಿಬಿಡಬಹುದಿತ್ತು. 2024ರ ಡಿಸೆಂಬರ್‌ನಲ್ಲಿ 8.11.1 ಆವೃತ್ತಿಯು ಇದನ್ನು ತಿದ್ದಿತು. ದೋಷವಿದ್ದುದು 6.5ನೆಯ ಆವೃತ್ತಿಯಿಂದ, ಎಂದರೆ ಸುಮಾರು 25 ವರ್ಷ. ಅಪರೂಪದ ಸನ್ನಿವೇಶವಾದ್ದರಿಂದ ತಂಡವು ಇದನ್ನು ಕಡಿಮೆ ತೀವ್ರತೆಯ ದೋಷವೆಂದೇ ವರ್ಗೀಕರಿಸಿತು. ಅದು ನ್ಯಾಯವೇ. ಆದರೂ ಎಲ್ಲರಿಗೂ ತೆರೆದಿಟ್ಟ, ಸಾವಿರಾರು ಕಣ್ಣುಗಳು ಓದಿದ ಪಠ್ಯದಲ್ಲಿ ಒಂದು ಸ್ಖಾಲಿತ್ಯವು ಕಾಲು ಶತಮಾನ ಉಳಿಯಿತೆಂಬುದು ಹಸ್ತಪ್ರತಿಗಳನ್ನು ಓದುವವರಿಗೆ ಅಚ್ಚರಿಯೇನೂ ಆಗಲಾರದು.

ಹಾಗಾದರೆ ಎಲ್ಲ ರೀಡೈರೆಕ್ಟ್‌ಗಳಲ್ಲಿಯೂ ಎಲ್ಲ ಅಭಿಜ್ಞಾನಗಳನ್ನೂ ಕಿತ್ತುಹಾಕಿಬಿಡಬಾರದೆ? ಹಾಗೆ ಮಾಡಿದರೆ ಕೆಲಸ ನಿಲ್ಲುವ ಸ್ಥಳಗಳೂ ಉಂಟು. ಅಮೆರಿಕದ ನಾಸಾ ಸಂಸ್ಥೆಯ ಭೂವೀಕ್ಷಣೆಯ ದತ್ತಾಂಶಗಳನ್ನು ಪಡೆಯಲು ಒಂದೇ ಲಾಗಿನ್ ಕೇಂದ್ರವಿದೆ. ದತ್ತಾಂಶವಿರುವ ಸರ್ವರ್ ನಮ್ಮನ್ನು ಲಾಗಿನ್ ಕೇಂದ್ರಕ್ಕೆ ಕಳುಹಿಸುತ್ತದೆ, ಅದು ಮತ್ತೆ ದತ್ತಾಂಶದ ಸರ್ವರ್‌ಗೆ ಮರಳಿಸುತ್ತದೆ. ಹೆಸರುಗಳು ಬೇರೆ ಬೇರೆಯಾದ್ದರಿಂದ ರಿಕ್ವೆಸ್ಟ್ಸ್ ನಡುವೆ ಅಭಿಜ್ಞಾನವನ್ನು ಕೈಬಿಡುತ್ತದೆ, ಬಾಗಿಲು ತೆರೆಯುವುದಿಲ್ಲ. ಅದಕ್ಕಾಗಿ ಲೈಬ್ರರಿಯ ನಿಯಮವನ್ನು ಆ ಲಾಗಿನ್ ಕೇಂದ್ರದ ಹೆಸರಿನ ಮಟ್ಟಿಗೆ ಮಾತ್ರ ಸಡಿಲಿಸುವ ಒಂದು ತುಣುಕನ್ನು ನಾಸಾ ತಾನೇ ಬರೆದು ಕೈಪಿಡಿಯಲ್ಲಿ ಕೊಟ್ಟಿದೆ. ಇದು ಸರಿಯಾದ ಕ್ರಮ: ಯಾರನ್ನು ನಂಬಬೇಕೆಂಬುದನ್ನು ಹೆಸರಿಟ್ಟು ಹೇಳಿದೆ. ಕರ್ಲ್‌ನಲ್ಲಿ ಇದಕ್ಕೆ ವಿರುದ್ಧವಾದ ಒಂದು ಆಯ್ಕೆಯೂ ಇದೆ. 'ಲೊಕೇಷನ್-ಟ್ರಸ್ಟೆಡ್' ಎಂದು ಬರೆದರೆ ಅದು ಎಲ್ಲಿಗೆ ಕಳುಹಿಸಿದರೂ ಪಾಸ್‌ವರ್ಡನ್ನು ಒಯ್ಯುತ್ತದೆ. ಕೆಲಸ ನಡೆಯದೆ ಬೇಸತ್ತವರು ಇದನ್ನು ಹಾಕಿ ಕೈತೊಳೆದುಕೊಳ್ಳುವುದುಂಟು. ಅಂಥವರು ಹೆಸರಿಟ್ಟು ಯಾರನ್ನೂ ನಂಬಿದವರಲ್ಲ, ಬಂದವರನ್ನೆಲ್ಲ ನಂಬಿದವರು.

ಈ ಅನುಭವಗಳೆಲ್ಲ 2022ರ ಜೂನ್‌ನಲ್ಲಿ ಹೊರಬಂದ ಎಚ್‌ಟಿಟಿಪಿಯ ಪರಿಷ್ಕೃತ ಪ್ರಮಾಣಪತ್ರದಲ್ಲಿ ಸೇರಿಕೊಂಡಿವೆ. ರೀಡೈರೆಕ್ಟ್ ಅನುಸರಿಸುವಾಗ ಮೊದಲ ವಿನಂತಿಯ ಯಾವ ಸಾಲುಗಳನ್ನು ತೆಗೆಯುವುದು ಅಥವಾ ಬದಲಿಸುವುದು ಯುಕ್ತವೆಂದು ಅದು ವಿವರಿಸುತ್ತದೆ. ಆಥರೈಸೇಷನ್, ಕುಕಿಗಳ ಹೆಸರು ಅಲ್ಲಿದೆ. ಪಟ್ಟಿ ಇಷ್ಟಕ್ಕೇ ಮುಗಿಯಿತೆಂದು ಭಾವಿಸಬಾರದೆಂಬ ಎಚ್ಚರಿಕೆಯೂ ಇದೆ.

ಆ ಎಚ್ಚರಿಕೆಗೆ ಕಾರಣವಿದೆ. ಹಲವು ಸೇವೆಗಳು ತಮ್ಮ ಗುಪ್ತಕೀಲಿಯನ್ನು ಆಥರೈಸೇಷನ್ ಹೆಡರ್‌ನಲ್ಲಿ ಕೇಳದೆ, ತಾವೇ ಕಲ್ಪಿಸಿದ 'ಎಕ್ಸ್-ಎಪಿಐ-ಕೀ' ಮುಂತಾದ ಹೆಸರಿನಲ್ಲಿ ಕೇಳುತ್ತವೆ. ಇಂತಹ ಹೆಸರು ಕರ್ಲ್‌ನ ಪಟ್ಟಿಯಲ್ಲೂ ಇಲ್ಲ, ರಿಕ್ವೆಸ್ಟ್ಸ್‌ನ ಪಟ್ಟಿಯಲ್ಲೂ ಇಲ್ಲ. ಅವುಗಳ ಪಾಲಿಗೆ ಅದು ಬರಿಯ ಪಠ್ಯ. ಆವೃತ್ತಿಯು ಎಷ್ಟೇ ಹೊಸದಾಗಿದ್ದರೂ ಆ ಸಾಲು ಅಪರಿಚಿತ ಸರ್ವರ್‌ಗೂ ಹೋಗುತ್ತದೆ. ಇಲ್ಲಿ ಲೈಬ್ರರಿಯನ್ನು ದೂರಿ ಪ್ರಯೋಜನವಿಲ್ಲ; ಯಾವುದು ಗುಟ್ಟು ಎಂಬುದನ್ನು ಬಲ್ಲವರು ಬರೆದವರೊಬ್ಬರೇ. ಇಂತಹ ಕೀಲಿಯನ್ನು ಬಳಸುವವರು ರೀಡೈರೆಕ್ಟ್ ಅನುಸರಿಸುವ ಸೌಲಭ್ಯವನ್ನು ಮೊದಲೇ ನಿಲ್ಲಿಸಿಬಿಡಬಹುದು; ರಿಕ್ವೆಸ್ಟ್ಸ್‌ನಲ್ಲಿ ಅದಕ್ಕೆ ಒಂದು ಪದದ ಸೂಚನೆ ಸಾಕು, ಕರ್ಲ್‌ನಲ್ಲಿಯಂತೂ ಕೇಳದೆ ಅನುಸರಿಸುವ ಅಭ್ಯಾಸವೇ ಇಲ್ಲ. ಆಗ 302 ಎಂಬ ಉತ್ತರವೇ ನಮ್ಮ ಕೈಗೆ ಬರುತ್ತದೆ. ಲೊಕೇಷನ್ ಸಾಲನ್ನು ಓದಿ, ಆ ಹೆಸರು ನಾವು ಬಲ್ಲ ಹೆಸರೇ, ಮುಂದಿರುವುದು ಮುಚ್ಚಿದ ದಾರಿಯೇ ಎಂದು ನೋಡಿ, ಕೀಲಿಯನ್ನು ಸೇರಿಸಿಯೋ ಬಿಟ್ಟೋ ಎರಡನೆಯ ಕಾಗದವನ್ನು ನಾವೇ ಬರೆಯಬಹುದು. ಕೀಲಿಯನ್ನು ಪಡೆಯುವಾಗಲೇ ಅದರ ಅಧಿಕಾರವನ್ನು ಓದುವುದಕ್ಕೆ ಅಥವಾ ಒಂದೇ ಸಂಗ್ರಹಕ್ಕೆ ಸೀಮಿತಗೊಳಿಸುವ ಅವಕಾಶವು ಕೆಲವು ಸೇವೆಗಳಲ್ಲಿದೆ. ಅಲ್ಲಿ ಜಾರಿದರೂ ನಷ್ಟ ಅಷ್ಟಕ್ಕೇ.

ವಿಭಾಗದ ಗಣಕದಲ್ಲಿ ಪೈಥಾನ್ ಇದ್ದರೆ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಿ ನೋಡಬಹುದು. ಇಂಟರ್ನೆಟ್ ಆರ್ಕೈವ್‌ನ ಯಾವುದಾದರೂ ಕನ್ನಡ ಪುಸ್ತಕದ ಕಡತವನ್ನು ರಿಕ್ವೆಸ್ಟ್ಸ್ ಮೂಲಕ ಕೇಳಿ, ಬಂದ ಉತ್ತರದಲ್ಲಿ 'ಹಿಸ್ಟರಿ' ಎಂಬ ಪಟ್ಟಿಯನ್ನು ತೆರೆದರೆ, ನಡುವೆ ತಟ್ಟಿದ ಬಾಗಿಲುಗಳು ಒಂದರ ಕೆಳಗೊಂದು ಕಾಣುತ್ತವೆ. ಕೇಳಿದ್ದು ಒಂದು ವಿಳಾಸವನ್ನು; ಪುಸ್ತಕ ಬಂದುದು ಇನ್ನೊಂದರಿಂದ.